ಖಾಸಗಿ ಚಿತ್ರಗಳ ದುರ್ಬಳಕೆ: ನೊಂದವರ ಹಾನಿ ಮತ್ತು ವರ್ತಕರ ಹೊಣೆ

ತೆರಿಗೆ, ಮಾರುಕಟ್ಟೆ ದರ, ಸಾಗಾಣಿಕೆ, ಬ್ಯಾಂಕ್ ಸಾಲ ಮೊದಲಾದ ವಿಷಯಗಳನ್ನು ಈ ಪುಟಗಳಲ್ಲಿ ಓದಿ ರೂಢಿಯಾದ ವರ್ತಕ ಬಾಂಧವರಿಗೆ ಈ ಲೇಖನದ ವಿಷಯ ಅಪರೂಪವೆನಿಸಬಹುದು. ಅಶ್ಲೀಲ ಚಿತ್ರಗಳಿಗೂ ವ್ಯಾಪಾರಕ್ಕೂ ಏನು ಸಂಬಂಧ ಎಂಬ ಪ್ರಶ್ನೆಯೂ ಏಳಬಹುದು. ಸಂಬಂಧವಿದೆ. ಒಬ್ಬರ ಖಾಸಗಿ ಚಿತ್ರವು ಅವರ ಸಮ್ಮತಿಯಿಲ್ಲದೆ ಊರಿನಲ್ಲಿ ಹರಡುವಾಗ ಅದು ಹಾದುಹೋಗುವ ದಾರಿಯಲ್ಲಿ ಅನೇಕ ಸಲ ನಮ್ಮ ಅಂಗಡಿಗಳೇ ಇರುತ್ತವೆ. ಮೊಬೈಲ್ ದುರಸ್ತಿ ಅಂಗಡಿ, ಫೋಟೋ ಸ್ಟುಡಿಯೋ, ಝೆರಾಕ್ಸ್ ಮತ್ತು ಆನ್‌ಲೈನ್ ಸೇವಾ ಕೇಂದ್ರ, ವಸತಿಗೃಹ, ಬಟ್ಟೆ ಅಂಗಡಿಯ ಟ್ರಯಲ್ ರೂಮ್, ಕೆಲಸಗಾರರ ವಾಟ್ಸ್‌ಆ್ಯಪ್ ಗುಂಪು, ಇವೆಲ್ಲವೂ ನಮ್ಮ ಸದಸ್ಯರ ವ್ಯವಹಾರದ ಭಾಗಗಳೇ ಆಗಿವೆ. ಆದುದರಿಂದ ಈ ಹಾನಿಯ ಸ್ವರೂಪವನ್ನೂ ಅದನ್ನು ತಡೆಯುವಲ್ಲಿ ನಮಗಿರುವ ಹೊಣೆಯನ್ನೂ ತಿಳಿದಿರುವುದು ಅವಶ್ಯ.

ಹಾನಿಯ ಸ್ವರೂಪ

ಕಳಪೆ ಮಾಲು ಮಾರುಕಟ್ಟೆಗೆ ಹೋದರೆ ಲಾಟ್ ನಂಬರ್ ಹಿಡಿದು ಅದನ್ನು ಹಿಂದಕ್ಕೆ ತರಿಸಿಕೊಳ್ಳಬಹುದು. ತೂಕದಲ್ಲಿ ವ್ಯತ್ಯಾಸವಾದರೆ ಲೆಕ್ಕ ಸರಿಪಡಿಸಬಹುದು. ಒಮ್ಮೆ ಕೈಬಿಟ್ಟ ಖಾಸಗಿ ಚಿತ್ರಕ್ಕೆ ಇಂತಹ ಮಾರ್ಗವಿಲ್ಲ. ಅದು ಎಷ್ಟು ಫೋನುಗಳಲ್ಲಿ, ಎಷ್ಟು ಮೆಮೊರಿ ಕಾರ್ಡುಗಳಲ್ಲಿ ಉಳಿದಿದೆಯೆಂಬುದನ್ನು ಯಾರೂ ಎಣಿಸಲಾರರು. ಈ ಅಪರಾಧವನ್ನು ಬೇರೆ ಅಪರಾಧಗಳಿಂದ ಬೇರ್ಪಡಿಸುವ ಲಕ್ಷಣ ಇದೇ ಆಗಿದೆ. ಕಳ್ಳತನ ನಡೆದ ದಿನವೇ ಮುಗಿಯುತ್ತದೆ. ಚಿತ್ರದ ದುರ್ಬಳಕೆಯಾದರೋ ಪ್ರತಿಯೊಂದು ಪ್ರತಿಯೊಂದಿಗೆ, ಪ್ರತಿಯೊಬ್ಬ ನೋಡುಗನೊಂದಿಗೆ ಹೊಸದಾಗಿ ನಡೆಯುತ್ತಲೇ ಇರುತ್ತದೆ.

ಇದರಿಂದ ನೊಂದವರು ನಿದ್ರಾಹೀನತೆ, ತೀವ್ರ ಭಯ, ಖಿನ್ನತೆಗಳಿಗೆ ಒಳಗಾಗುತ್ತಾರೆ. ಆತ್ಮಹತ್ಯೆಯ ಯೋಚನೆಯೂ ಬರುವುದುಂಟು. ಎದುರಿಗೆ ಬಂದ ಪ್ರತಿಯೊಬ್ಬರೂ ಆ ಚಿತ್ರವನ್ನು ನೋಡಿರಬಹುದೆಂಬ ಶಂಕೆ ಅವರನ್ನು ಮನೆಯೊಳಗೆ ಕೂಡಿಹಾಕುತ್ತದೆ. ವಿದ್ಯಾರ್ಥಿನಿ ಕಾಲೇಜು ಬಿಡುತ್ತಾಳೆ; ಕೆಲಸದ ಹೆಣ್ಣುಮಗಳು ಕೂಲಿ ಕಳೆದುಕೊಳ್ಳುತ್ತಾಳೆ; ನಿಶ್ಚಯವಾದ ಮದುವೆ ಮುರಿಯುತ್ತದೆ; ಹಣ ಕೊಡೆಂಬ ಬೆದರಿಕೆ ಬೆನ್ನುಹತ್ತುತ್ತದೆ. ಇಷ್ಟಾದರೂ ಊರಿನ ಮಾತು ಚಿತ್ರ ಹಂಚಿದವನನ್ನು ಬಿಟ್ಟು ಚಿತ್ರದಲ್ಲಿರುವವಳನ್ನೇ ದೂರುತ್ತದೆ. ಪುರುಷರೂ ಬಾಲಕರೂ ಇದಕ್ಕೆ ಬಲಿಯಾಗುತ್ತಾರಾದರೂ ಲೋಕನಿಂದೆಯ ಭಾರ ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳ ಮೇಲೆಯೇ.

ಚಿತ್ರ ನಿಜವಾದುದೇ ಆಗಿರಬೇಕೆಂದಿಲ್ಲ. ಮದುವೆಯ ಆಲ್ಬಮ್ಮಿನ ಅಥವಾ ವಾಟ್ಸ್‌ಆ್ಯಪ್ ಡಿ.ಪಿ.ಯ ಒಂದು ಮುಖವನ್ನು ತೆಗೆದು ಬೇರೊಂದು ದೇಹಕ್ಕೆ ಜೋಡಿಸುವ ಕೆಲಸ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಂದ ಇಂದು ಬಹು ಸುಲಭವಾಗಿದೆ. ಚಿತ್ರ ಸುಳ್ಳಾದರೂ ಅವಮಾನ ಸುಳ್ಳಾಗುವುದಿಲ್ಲ.

ಹಾಸನದ ಪಾಠ

ನಮ್ಮ ರಾಜ್ಯದಲ್ಲಿ ಇದಕ್ಕೆ ಬಹಳ ದೊಡ್ಡ ನಿದರ್ಶನ ದೊರೆತದ್ದು 2024ರ ಏಪ್ರಿಲ್ ತಿಂಗಳಿನಲ್ಲಿ. ಲೋಕಸಭಾ ಚುನಾವಣೆಯ ಮತದಾನಕ್ಕೆ ಮುಂಚಿನ ದಿನಗಳಲ್ಲಿ ಹಾಸನ ಜಿಲ್ಲೆಯಲ್ಲಿ ಪೆನ್ ಡ್ರೈವ್‌ಗಳು ಹಂಚಿಕೆಯಾದವು. ಅವುಗಳಲ್ಲಿದ್ದುದು ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಸಂಬಂಧಿಸಿದವೆಂದು ಹೇಳಲಾದ ಲೈಂಗಿಕ ದೌರ್ಜನ್ಯದ ದೃಶ್ಯಗಳು. ರಾಜ್ಯ ಸರ್ಕಾರವು ವಿಶೇಷ ತನಿಖಾ ತಂಡವನ್ನು ರಚಿಸಿತು. ಒಂದು ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು 2025ರ ಆಗಸ್ಟ್ 1ರಂದು ಅವರನ್ನು ಅಪರಾಧಿಯೆಂದು ಘೋಷಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ದೂರು ನೀಡಿದಾಕೆ ಮನೆಗೆಲಸ ಮಾಡುತ್ತಿದ್ದ ಮಹಿಳೆ. ರುಜುವಾತಾದ ಆರೋಪಗಳಲ್ಲಿ ಅತ್ಯಾಚಾರದ ಜೊತೆಗೆ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಇ ಕಲಂ, ಅಂದರೆ ಖಾಸಗಿತನದ ಉಲ್ಲಂಘನೆಯೂ ಸೇರಿತ್ತು. ಈ ತೀರ್ಪಿನ ವಿರುದ್ಧ ಅವರು ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿದ್ದಾರೆ.

ವರ್ತಕರು ಗಮನಿಸಬೇಕಾದುದು ಈ ಪ್ರಕರಣದ ಇನ್ನೊಂದು ಮುಖವನ್ನು. ಆ ದೃಶ್ಯಗಳನ್ನು ಮಹಿಳೆಯರ ಮುಖಗಳನ್ನೂ ಮರೆಮಾಡದೆ ಹರಿಯಬಿಡಲಾಗಿತ್ತು. ದೌರ್ಜನ್ಯ ಅನುಭವಿಸಿ ಮೌನವಾಗಿದ್ದವರು ರಾತ್ರೋರಾತ್ರಿ ಇಡೀ ಜಿಲ್ಲೆಯ ಕಣ್ಣಿಗೆ ಬಿದ್ದರು. ಕೆಲವು ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟುದನ್ನು ಪತ್ರಿಕೆಗಳು ವರದಿ ಮಾಡಿದವು. ಹಂಚಿದವರಲ್ಲಿ ಹಲವರು ತಾವು ಅನ್ಯಾಯವನ್ನು ಬಯಲಿಗೆಳೆಯುತ್ತಿದ್ದೇವೆಂದು ಭಾವಿಸಿರಬಹುದು. ಆದರೆ ನೊಂದವರ ಪಾಲಿಗೆ ಅದು ಎರಡನೆಯ ದೌರ್ಜನ್ಯವಾಯಿತು. ಪೆನ್ ಡ್ರೈವ್ ಹಂಚಿಕೆಯ ಬಗ್ಗೆ ಹಾಸನದ ಸಿ.ಇ.ಎನ್. ಠಾಣೆಯಲ್ಲಿ ಪ್ರತ್ಯೇಕ ಪ್ರಕರಣ ದಾಖಲಾಯಿತು. ದೃಶ್ಯಗಳನ್ನು ಇರಿಸಿಕೊಂಡವರ ಮತ್ತು ಹಂಚುವವರ ಮೇಲೆ ಕ್ರಮ ಜರುಗಿಸುವುದಾಗಿ ತನಿಖಾ ತಂಡವು ಸಾರ್ವಜನಿಕ ಎಚ್ಚರಿಕೆಯನ್ನೂ ನೀಡಿತು.

ವಾಣಿಜ್ಯ ಸಂಸ್ಥೆಗೂ ತಗುಲಿದ ಬಿಸಿ

ವ್ಯಾಪಾರಿ ಸಂಸ್ಥೆಯೊಂದು ಇಂತಹ ಪ್ರಕರಣದಲ್ಲಿ ಸಿಲುಕಿದ ನಿದರ್ಶನ 2004ರಷ್ಟು ಹಳೆಯದು. ದೆಹಲಿಯ ಶಾಲಾ ವಿದ್ಯಾರ್ಥಿಗಳಿಬ್ಬರ ಖಾಸಗಿ ದೃಶ್ಯದ ತುಣುಕನ್ನು ಯಾರೋ ಬಾಜೀ ಡಾಟ್ ಕಾಮ್ ಎಂಬ ಅಂತರ್ಜಾಲ ಮಾರುಕಟ್ಟೆಯಲ್ಲಿ ಮಾರಾಟಕ್ಕಿಟ್ಟರು. ಸಂಸ್ಥೆಯು ತಾನಾಗಿ ಅದನ್ನು ಮಾರಿರಲಿಲ್ಲ. ಮಾರುವವರಿಗೂ ಕೊಳ್ಳುವವರಿಗೂ ಅದು ಕೇವಲ ಕಟ್ಟೆಯಾಗಿತ್ತು. ಆದರೂ ಅದರ ಮುಖ್ಯಸ್ಥ ಅವನೀಶ್ ಬಜಾಜ್ ಅವರ ಬಂಧನವಾಯಿತು. ಮಧ್ಯವರ್ತಿಯ ಹೊಣೆ ಎಷ್ಟು ಎಂಬ ಚರ್ಚೆ ದೇಶದಾದ್ಯಂತ ನಡೆಯಿತು. ಮುಂದೆ 2008ರಲ್ಲಿ ಮಾಹಿತಿ ತಂತ್ರಜ್ಞಾನ ಅಧಿನಿಯಮಕ್ಕೆ ತಿದ್ದುಪಡಿಯಾಗಿ, 66ಇ, 67ಎ, 67ಬಿ ಕಲಂಗಳು ಸೇರಿ, 2009ರ ಅಕ್ಟೋಬರ್ 27ರಿಂದ ಜಾರಿಗೆ ಬಂದವು. ತಕ್ಕ ಎಚ್ಚರಿಕೆ ವಹಿಸಿದ ಮಧ್ಯವರ್ತಿಗೆ ಮಾತ್ರ 79ನೆಯ ಕಲಮಿನ ರಕ್ಷಣೆ ದೊರೆಯುತ್ತದೆ.

ನಮ್ಮ ಸೀಮೆಯಲ್ಲಿ

ಸೈದಾಪುರದಂತಹ ಹೋಬಳಿ ಕೇಂದ್ರದಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ಅಪರಿಚಿತವಲ್ಲ. ಮಹಾನಗರದಲ್ಲಿ ನೊಂದವರು ಬಡಾವಣೆ ಬದಲಿಸಿ ಬದುಕಬಹುದು. ಇಲ್ಲಿ ಅದೇ ಬಜಾರು, ಅದೇ ರೈಲು ನಿಲ್ದಾಣ, ಅದೇ ಸಂತೆ. ಯಾದಗಿರಿ ಜಿಲ್ಲೆಯ ಅನೇಕ ಕುಟುಂಬಗಳಲ್ಲಿ ಗಂಡಸರು ಬೆಂಗಳೂರು, ಪುಣೆ ಮೊದಲಾದ ಕಡೆಗೆ ಗುಳೆ ಹೋಗಿರುವುದರಿಂದ ಗಂಡ ಹೆಂಡಿರ ನಡುವಿನ ಮಾತುಕತೆ, ಭಾವಚಿತ್ರಗಳೆಲ್ಲವೂ ಫೋನಿನಲ್ಲಿಯೇ ಇರುತ್ತವೆ. ಆ ಫೋನು ಕೆಟ್ಟಾಗ ಅದು ಬರುವುದು ನಮ್ಮ ದುರಸ್ತಿ ಅಂಗಡಿಗೆ. ಗಿರಾಕಿಯು ಪಾಸ್‌ವರ್ಡ್ ಹೇಳಿ ಫೋನನ್ನು ಬಿಟ್ಟುಹೋಗುವುದು ಅಂಗಡಿಕಾರನ ಮೇಲಿನ ನಂಬಿಕೆಯಿಂದ. ದಲಾಲಿ ಅಂಗಡಿಯಲ್ಲಿ ರೈತನು ಹತ್ತಿಯ ಮೂಟೆಗಳನ್ನು ಇಳಿಸಿ ಹೋಗುವಾಗ ಇಡುವ ನಂಬಿಕೆಗಿಂತ ಇದು ಒಂದು ತೂಕ ಹೆಚ್ಚಿನದು.

ಕಾನೂನು ಹೇಳುವುದೇನು

ಸದಸ್ಯರ ಅವಗಾಹನೆಗಾಗಿ ಮುಖ್ಯ ಉಪಬಂಧಗಳನ್ನು ಸಂಕ್ಷಿಪ್ತವಾಗಿ ಇಲ್ಲಿ ಕೊಡಲಾಗಿದೆ.

1. ಯಾವುದೇ ವ್ಯಕ್ತಿಯ ಗುಪ್ತಾಂಗಗಳ ಚಿತ್ರವನ್ನು ಸಮ್ಮತಿಯಿಲ್ಲದೆ ತೆಗೆಯುವುದು, ಪ್ರಕಟಿಸುವುದು, ರವಾನಿಸುವುದು 66ಇ ಕಲಮಿನನ್ವಯ ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ.

2. ಲೈಂಗಿಕ ಕ್ರಿಯೆಯ ದೃಶ್ಯಗಳನ್ನು ವಿದ್ಯುನ್ಮಾನ ರೂಪದಲ್ಲಿ ರವಾನಿಸುವುದಕ್ಕೆ 67ಎ ಕಲಮಿನಲ್ಲಿ ಮೊದಲ ಸಲ ಐದು ವರ್ಷಗಳವರೆಗೆ ಸೆರೆವಾಸ ಹಾಗೂ 10 ಲಕ್ಷ ರೂಪಾಯಿಗಳವರೆಗೆ ದಂಡವಿದೆ. 'ಬಂದದ್ದನ್ನು ಮುಂದೆ ಕಳಿಸಿದೆ ಅಷ್ಟೆ' ಎಂಬ ಸಮಜಾಯಿಷಿ ನಡೆಯದು. ಮುಂದೆ ಕಳಿಸುವುದೇ ರವಾನೆ.

3. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಂ ಮಹಿಳೆಯ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದನ್ನೂ ಚಿತ್ರೀಕರಿಸುವುದನ್ನೂ ಶಿಕ್ಷಿಸುತ್ತದೆ. ಚಿತ್ರ ತೆಗೆಯಲು ಆಕೆ ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ ಹಂಚಿಕೆಯು ಅಪರಾಧವೇ ಆಗುತ್ತದೆಂದು ಈ ಕಲಂ ಸ್ಪಷ್ಟಪಡಿಸಿದೆ. ಲೈಂಗಿಕ ಅಪರಾಧಕ್ಕೆ ಬಲಿಯಾದವರ ಗುರುತನ್ನು ಪ್ರಕಟಿಸುವುದು 72ನೆಯ ಕಲಮಿನಡಿ ಪ್ರತ್ಯೇಕ ಅಪರಾಧ.

4. ಚಿತ್ರದಲ್ಲಿರುವುದು ಹದಿನೆಂಟು ವರ್ಷದೊಳಗಿನ ಮಗುವಾದರೆ ಪೋಕ್ಸೊ ಅಧಿನಿಯಮ ಅನ್ವಯಿಸುತ್ತದೆ. ಅಂತಹ ಚಿತ್ರವನ್ನು ಅಳಿಸದೆ, ವರದಿ ಮಾಡದೆ ಇರಿಸಿಕೊಳ್ಳುವುದರ ಕುರಿತು ಸರ್ವೋಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಕಠಿಣ ನಿಲುವು ತಳೆದಿದೆ. ಈ ಅಧಿನಿಯಮದ 20ನೆಯ ಕಲಂ ಹೋಟೆಲು, ವಸತಿಗೃಹ, ಆಸ್ಪತ್ರೆ, ಕ್ಲಬ್, ಸ್ಟುಡಿಯೋಗಳನ್ನು ಹೆಸರಿಸಿಯೇ, ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ ಕಣ್ಣಿಗೆ ಬಿದ್ದರೆ ಪೊಲೀಸರಿಗೆ ತಿಳಿಸಬೇಕೆಂದು ವಿಧಿಸಿದೆ. ತಿಳಿಸದಿರುವುದೂ ಶಿಕ್ಷಾರ್ಹ.

5. ಕೆಲಸದ ಸ್ಥಳದಲ್ಲಿ ಮಹಿಳೆಗೆ ಅಶ್ಲೀಲ ಚಿತ್ರ ತೋರಿಸುವುದನ್ನು 2013ರ ಅಧಿನಿಯಮವು ಲೈಂಗಿಕ ಕಿರುಕುಳವೆಂದೇ ಹೇಳಿದೆ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಘಟಕದಲ್ಲಿ ಆಂತರಿಕ ಸಮಿತಿ ಇರಲೇಬೇಕು. ರಚಿಸದಿದ್ದರೆ 50,000 ರೂಪಾಯಿಗಳವರೆಗೆ ದಂಡ. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಘಟಕಗಳೂ ಅಕ್ಕಿ ಗಿರಣಿ, ಹತ್ತಿ ಗಿರಣಿಗಳೂ ಇದಕ್ಕೆ ಹೊರತಲ್ಲ. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯ ದೂರುಗಳು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತವೆ.

ಅಂಗಡಿಯಲ್ಲಿ ಪಾಲಿಸಬೇಕಾದ ಕ್ರಮಗಳು

ದುರಸ್ತಿಗೆ ಬಂದ ಫೋನಿನ ಗ್ಯಾಲರಿಯನ್ನು ತೆರೆಯಕೂಡದು. ಸಾಧ್ಯವಾದಲ್ಲಿ ಗಿರಾಕಿಯ ಎದುರಿನಲ್ಲಿಯೇ ಕೆಲಸ ಮುಗಿಸಬೇಕು. ಇಲ್ಲವಾದರೆ ಮೆಮೊರಿ ಕಾರ್ಡನ್ನು ತೆಗೆದು ಅವರ ಕೈಗೇ ಕೊಡಬೇಕು. ಮಾಹಿತಿಯನ್ನು ಅಂಗಡಿಯ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕಾಗಿ ಬಂದರೆ ಫೋನು ಹಿಂದಿರುಗಿಸಿದ ದಿನವೇ ಅಳಿಸಬೇಕು. ಸ್ಟುಡಿಯೋದವರು ಮದುವೆ, ಸೀಮಂತ ಮೊದಲಾದ ಸಮಾರಂಭಗಳ ಚಿತ್ರಗಳನ್ನು ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸಬಾರದು. ಹಾರ್ಡ್ ಡಿಸ್ಕ್ ಕೆಲಸದ ಹುಡುಗರ ಕೈಗೆ ಸುಲಭವಾಗಿ ಸಿಗುವಂತಿರಬಾರದು. ಬಟ್ಟೆ ಅಂಗಡಿ, ವಸತಿಗೃಹಗಳ ಮಾಲೀಕರು ಟ್ರಯಲ್ ರೂಮ್, ಕೊಠಡಿ, ಸ್ನಾನಗೃಹಗಳನ್ನು ಆಗಾಗ ತಾವೇ ಪರಿಶೀಲಿಸಬೇಕು. ಸಿಸಿಟಿವಿ ದೃಶ್ಯಗಳನ್ನು ಪೊಲೀಸರಿಗಲ್ಲದೆ ಯಾರಿಗೂ ಕೊಡಬಾರದು. ಈ ನಿಯಮಗಳನ್ನು ಕೆಲಸಕ್ಕೆ ಸೇರುವ ಹುಡುಗನಿಗೆ ಮೊದಲ ದಿನವೇ ತಿಳಿಹೇಳುವುದು ಲೇಸು. ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಿಂದ ಅಪರಾಧ ನಡೆದಾಗ ವ್ಯವಹಾರ ನೋಡಿಕೊಳ್ಳುವವರನ್ನೂ 85ನೆಯ ಕಲಂ ಹೊಣೆ ಮಾಡುತ್ತದೆ. ತಮಗೆ ತಿಳಿದಿರಲಿಲ್ಲವೆಂದಾಗಲಿ, ತಕ್ಕ ಎಚ್ಚರ ವಹಿಸಿದ್ದೆವೆಂದಾಗಲಿ ರುಜುವಾತುಪಡಿಸುವ ಭಾರ ಅವರದೇ.

ವರ್ತಕರೇ ಬಲಿಯಾಗುವ ಬಗೆಯೂ ಇದೆ. ಅಪರಿಚಿತ ಸಂಖ್ಯೆಯಿಂದ ವಿಡಿಯೋ ಕರೆ ಬರುತ್ತದೆ. ಎದುರಿಗೆ ನಗ್ನ ದೃಶ್ಯ. ಕ್ಷಣಾರ್ಧದಲ್ಲಿ ನಮ್ಮ ಮುಖ ಅದರೊಡನೆ ದಾಖಲಾಗಿ, ಬಂಧುಗಳಿಗೆ ಕಳಿಸುತ್ತೇವೆಂಬ ಬೆದರಿಕೆ ಆರಂಭವಾಗುತ್ತದೆ. ಅನಧಿಕೃತ ಸಾಲದ ಆ್ಯಪ್‌ಗಳು ಫೋನಿನ ಚಿತ್ರಗಳನ್ನು ತಿರುಚಿ ಇದೇ ಬಗೆಯ ವಸೂಲಿ ನಡೆಸಿವೆ. ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿ, ಚಿತ್ರಸಂಗ್ರಹಗಳಿಗೆ ಕೈಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿಯೇ ವಿಧಿಸಿದೆ. ಹಣ ಕೊಟ್ಟರೆ ಬೆದರಿಕೆ ನಿಲ್ಲುವುದಿಲ್ಲ, ಬೇಡಿಕೆ ಬೆಳೆಯುತ್ತದೆ.

ನೊಂದವರು ನೆರವು ಕೇಳಿದಾಗ

ಚಿತ್ರವನ್ನು ತೋರಿಸೆಂದು ಕೇಳಬಾರದು. 'ಏಕೆ ತೆಗೆಸಿಕೊಂಡೆ' ಎಂದು ಪ್ರಶ್ನಿಸಬಾರದು. ಬೆದರಿಕೆಯ ಸಂದೇಶ, ಫೋನ್ ಸಂಖ್ಯೆ, ಕೊಂಡಿ, ದಿನಾಂಕ, ವೇಳೆಗಳನ್ನು ಅಳಿಸದೆ ಉಳಿಸಿಕೊಳ್ಳಲು ಹೇಳಬೇಕು. ಆದರೆ ಮಕ್ಕಳ ಚಿತ್ರವಾದರೆ ಪ್ರತಿ ಮಾಡದೆ ನೇರವಾಗಿ ಪೊಲೀಸರಿಗೆ ತಿಳಿಸಬೇಕು. ಯಾದಗಿರಿಯ ಸಿ.ಇ.ಎನ್. ಠಾಣೆಗೆ ಹೋಗಬಹುದು, ಅಪರಾಧ ಎಲ್ಲಿಯೇ ನಡೆದಿದ್ದರೂ ಸಮೀಪದ ಠಾಣೆಯಲ್ಲಿ ದೂರು ನೀಡಲು ಈಗಿನ ಕಾನೂನಿನಲ್ಲಿ ಅವಕಾಶವಿದೆ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಪ್ರತ್ಯೇಕ ವಿಭಾಗವಿದ್ದು, ಹೆಸರು ತಿಳಿಸದೆಯೂ ದೂರು ಸಲ್ಲಿಸಬಹುದು. ಹಣದ ವಂಚನೆಯಾಗಿದ್ದರೆ 1930, ಮಹಿಳೆಯರಿಗೆ 181, ಮಕ್ಕಳಿಗೆ 1098, ಮಾನಸಿಕ ಆಸರೆಗಾಗಿ ಟೆಲಿ-ಮಾನಸ್‌ನ 14416, ಇವು ನೆನಪಿಡಬೇಕಾದ ಸಂಖ್ಯೆಗಳು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದ ತಾಣಗಳಿಗೂ ದೂರು ಕೊಡಬೇಕು. ಇಂತಹ ಚಿತ್ರವನ್ನು ತೆಗೆಯಲು 2021ರ ನಿಯಮಗಳು ಮೊದಲಿಗೆ 24 ಗಂಟೆಗಳ ಗಡುವನ್ನು ನೀಡಿದ್ದವು. ಆಮೇಲೆ ಅದನ್ನು ಇನ್ನೂ ಮೊಟಕುಗೊಳಿಸಲಾಗಿದೆ.

ಹಾಸನದ ಪೆನ್ ಡ್ರೈವ್‌ಗಳು ಕೈಯಿಂದ ಕೈಗೆ ಹೋದವು. ಆ ಕೈಗಳಲ್ಲಿ ಪ್ರತಿಯೊಂದಕ್ಕೂ ಅದನ್ನು ಅಲ್ಲಿಯೇ ನಿಲ್ಲಿಸುವ ಅವಕಾಶವಿತ್ತು. ನಮ್ಮ ಬಜಾರಿನಲ್ಲಿ ಅಂತಹದೊಂದು ಚಿತ್ರ ಬಂದರೆ ಅದು ನಮ್ಮ ಗಲ್ಲೆಯಿಂದ ಮುಂದಕ್ಕೆ ಹೋಗದಂತೆ ನೋಡಿಕೊಳ್ಳುವುದು ಪ್ರತಿಯೊಬ್ಬ ಸದಸ್ಯರ ಕರ್ತವ್ಯ. ಗಿರಾಕಿಯ ಮಾನ ಕಾಯುವ ಅಂಗಡಿಗೆ ಗಿರಾಕಿಯೂ ನಂಬಿಗಸ್ತನಾಗಿ ಉಳಿಯುತ್ತಾನೆಂಬುದನ್ನು ಅನುಭವಸ್ಥ ವರ್ತಕರಿಗೆ ಬೇರೆ ಹೇಳಬೇಕಾಗಿಲ್ಲ.