ಅಪ್ಪನ ದಾರಿ ಕಾಯುವ ಅಮ್ಮ
ರವಿವರ್ಮನ ಚೆಲುವೆಯರ ಹಿಂದಿನ ಕಥೆ

ಕಾಸರಗೋಡಿನ ಕಡೆಯ ಹಳೆ ಮನೆಗಳ ಚಾವಡಿಯಲ್ಲಿ ಕಟ್ಟು ಹಾಕಿಸಿದ ಲಕ್ಷ್ಮಿ, ಸರಸ್ವತಿಯರ ಪಟ ಕಾಣುವುದುಂಟು. ದುಂಡು ಮುಖ, ತುಂಬುಗಣ್ಣು, ಮೈತುಂಬ ಸೀರೆ. ದೇವಿಯಷ್ಟೇ ಅಲ್ಲ, ಹೆಣ್ಣೂ ಹೀಗೇ ಇರಬೇಕೆಂದು ನಮ್ಮ ಕಣ್ಣಿಗೆ ರೂಢಿ ಮಾಡಿಸಿದವರು ತಿರುವಾಂಕೂರು ಸೀಮೆಯ ಕಿಳಿಮಾನೂರಿನ ರಾಜಾ ರವಿವರ್ಮ (1848-1906). 1894ರಲ್ಲಿ ಮುಂಬಯಿಯಲ್ಲಿ ಅವರು ಶುರುಮಾಡಿದ ಅಚ್ಚುಕೂಟದಿಂದ ಈ ಮುಖ ಮನೆಮನೆಗೆ ಬಂತು.

ಅದಕ್ಕೆ ಮೊದಲೇ ಅವರು ಹೆಸರು ಮಾಡಿದ್ದು ಹೆಂಗಸರ ಚಿತ್ರಗಳಿಂದ. ಮುಡಿ ಸಿಂಗರಿಸಿಕೊಳ್ಳುವ ನಾಯರ್ ಹೆಣ್ಣಿನ ಚಿತ್ರಕ್ಕೆ 1873ರಲ್ಲಿ ಮದ್ರಾಸಿನಲ್ಲಿ ಗವರ್ನರರ ಚಿನ್ನದ ಪದಕ ಸಿಕ್ಕಿತು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದರೆ ವಾದ್ಯಗಾರ್ತಿಯರ ದೊಡ್ಡ ಚಿತ್ರವೊಂದುಂಟು. 11 ಹೆಂಗಸರು, ಬೇರೆ ಬೇರೆ ಸೀಮೆಯ ಉಡುಗೆ. ಉಡುಗೆ ಏನೋ ಬೇರೆ, ಆದರೆ ಮುಖದ ಮೇಲಿನ ಗಂಭೀರ ಭಾವ ಒಂದೇ!

ಇನ್ನೊಂದು ಚಿತ್ರ 'ಅದೋ ಅಪ್ಪ ಬಂದರು' (1893). ಬಿಳಿಯುಡುಗೆಯ ತಾಯಿ, ಸೊಂಟದಲ್ಲಿ ಮಗು, ಕಾಲ ಬಳಿ ನಾಯಿ. ನೋಟವೆಲ್ಲ ಚಿತ್ರದಾಚೆ ಬರುತ್ತಿರುವ ಅಪ್ಪನ ಕಡೆಗೆ. ರೂಪದರ್ಶಿ ಕಲಾವಿದರ ಮಗಳು ಮಹಾಪ್ರಭಾ.

ಇದರಲ್ಲೇನು ವಿಶೇಷ ಅಂತೀರಾ? ಅಳಿಯ ಸಂತಾನ ಕಟ್ಟು ಬಲ್ಲ ನಮ್ಮ ಕಡೆಯವರಿಗೆ ಥಟ್ಟನೆ ಹೊಳೆದೀತು. ನಾಯರ್ ತರವಾಡಿನಲ್ಲೂ ಮಕ್ಕಳು ತಾಯಿಮನೆಯವರು, ಯಜಮಾನಿಕೆ ಸೋದರಮಾವನದು, ಅಪ್ಪ ಬಂದು ಹೋಗುವವ. ಅಲ್ಲಿ ಗಂಡನ ದಾರಿ ಕಾಯುವ ಗೃಹಿಣಿಯೇ ಮಾದರಿ ಹೆಣ್ಣಾಗಿರಲಿಲ್ಲ. ಅಪ್ಪ, ಅಮ್ಮ, ಮಗು, ನಾಯಿ, ಇದು ವಿಕ್ಟೋರಿಯಾ ಕಾಲದ ಇಂಗ್ಲಿಷ್ ಸಂಸಾರದ ಅಚ್ಚು. ಇಂಗ್ಲಿಷ್ ಕಲಿತ ನಾಯರ್ ಗಂಡಸರು ಹಳೆ ಕಟ್ಟು ಸಾಕು ಎನ್ನತೊಡಗಿದ್ದ ಕಾಲವದು. 1896ರಲ್ಲಿ ಮಲಬಾರ್ ವಿವಾಹ ಕಾಯಿದೆಯೂ ಬಂತು. ಕಾಯಿದೆಗೆ ಮೊದಲೇ ಕುಂಚ ಹೊಸ ಹೆಣ್ಣನ್ನು ಬರೆದಿಟ್ಟಿತ್ತು.

ಆದರೆ ಬದುಕು ಚಿತ್ರದ ಮಾತು ಕೇಳಲಿಲ್ಲ. ಮಹಾಪ್ರಭಾರ ಮಗಳನ್ನು 1900ರಲ್ಲಿ ತಿರುವಾಂಕೂರು ಅರಮನೆಗೆ ದತ್ತು ಕೊಟ್ಟರು. ಆ ವಂಶ ಬೆಳೆಯುವುದು ಹೆಣ್ಣಿನ ಕಡೆಯಿಂದ. ಆ ಮಗಳೇ ಸೇತು ಲಕ್ಷ್ಮೀಬಾಯಿ. 1924ರಿಂದ 1931ರವರೆಗೆ ರಾಜ್ಯವಾಳಿದರು. ಕೊನೆಗಾಲ ಕಳೆದದ್ದು ನಮ್ಮ ಬೆಂಗಳೂರಿನಲ್ಲಿ.

ಚಿತ್ರದ ತಾಯಿ ಇನ್ನೂ ಅಪ್ಪನ ದಾರಿ ನೋಡುತ್ತಲೇ ಇದ್ದಾಳೆ. ಆಕೆಯ ಮಗಳು ಮಾತ್ರ ಅಮ್ಮನ ಕಡೆಯ ಹಕ್ಕಿನಿಂದಲೇ ನಾಡಾಳಿ ಹೋದಳು. ಚಾವಡಿಯ ಪಟಕ್ಕೆ ಕೈಮುಗಿಯುವಾಗ ಇದೂ ನೆನಪಿರಲಿ.