ಹೊಗೆ ಯಾವಾಗ ಬರುತ್ತದೆ?

ಕೋಲಾರದ ಟೊಮೆಟೊ ಮಂಡಿಗೆ ಕ್ರೇಟು ಹೊರುವಂಥ ಹಳೆಯ ಟಾಟಾ 207ರಲ್ಲಿ ಕಂಪ್ಯೂಟರ್ ಇಲ್ಲ, ಸ್ಕ್ಯಾನರ್ ಸಿಕ್ಕಿಸಲು ಜಾಗವೂ ಇಲ್ಲ. ಕಾಯಿಲೆ ತಿಳಿಯಬೇಕಾದರೆ ಸೈಲೆನ್ಸರ್ ಕಡೆ ನೋಡಬೇಕು. ಕಪ್ಪು ಹೊಗೆಯಾದರೆ ಡೀಸೆಲ್ ಜಾಸ್ತಿ, ನೀಲಿಯಾದರೆ ಆಯಿಲ್, ಬಿಳಿಯಾದರೆ ನೀರು ಅಂತ ಕ್ಲೀನರ್ ಹುಡುಗನೂ ಹೇಳುತ್ತಾನೆ. ತಪ್ಪೇನಿಲ್ಲ. ಆದರೆ ಬಣ್ಣವೊಂದನ್ನೇ ನಂಬಿ ಎಂಜಿನ್ ಬಿಚ್ಚಿಸಿದರೆ ದುಡ್ಡು ದಂಡ. ಹೊಗೆ ಯಾವ ಹೊತ್ತಿಗೆ ಬರುತ್ತದೆ ಅನ್ನುವುದನ್ನೂ ಕೇಳಬೇಕು.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹೆಚ್ಚುಕಮ್ಮಿ 20ರಲ್ಲಿ ಒಂದು ಪಾಲಿಗೆ ಅದುಮಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ನಾಜಲ್ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಚಳಿಗಾಲದ ಬೆಳಗ್ಗೆ ಈ ಶಾಖವನ್ನು ತಣ್ಣಗಿರುವ ಕಬ್ಬಿಣವೇ ಹೀರಿಬಿಡುತ್ತದೆ. ಉರಿಯದ ಡೀಸೆಲ್ ಕಣ್ಣುರಿಸುತ್ತಾ ಬೆಳ್ಳಗೆ ಹೊರಬರುತ್ತದೆ. ಎಂಜಿನ್ ಬಿಸಿಯಾದ ಮೇಲೆ ನಿಂತರೆ ಚಿಂತೆಯಿಲ್ಲ. ನಿಲ್ಲದಿದ್ದರೆ, ಜೊತೆಗೆ ಎಲ್ಲೂ ಸೋರದೆ ರೇಡಿಯೇಟರ್ ನೀರು ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಗಾಡಿ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಬಿಡದೆ ಗುಳ್ಳೆ ಏಳುತ್ತಿದ್ದರೆ ಸಿಲಿಂಡರಿನ ಗ್ಯಾಸು ನೀರಿಗೆ ನುಗ್ಗುತ್ತಿದೆ. ಬಿಸಿಯಿರುವಾಗ ಈ ಸಾಹಸ ಬೇಡ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಮುಚ್ಚಳ ಸಡಿಲಿಸಿದ ಕೂಡಲೇ ಉಕ್ಕಿ ಮುಖಕ್ಕೆ ಹಾರುತ್ತದೆ.

ಹೆಚ್ಚು ಎಡವಟ್ಟಾಗುವುದು ನೀಲಿ ಹೊಗೆಯಲ್ಲಿ. ಆಯಿಲ್ ಕುಡಿಯುತ್ತಿದೆ ಎಂದರೆ ಸಾಕು, ಎಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸುವ ಬೋರ್ ಕೆಲಸದ ಎಸ್ಟಿಮೇಟ್ ಕೈಗೆ ಬರುತ್ತದೆ. ಆದರೆ ಆಯಿಲ್ ಸಿಲಿಂಡರಿಗೆ ಕೆಳಗಿನಿಂದ ಸವೆದ ರಿಂಗ್ ದಾಟಿಯೂ ಬರಬಹುದು, ಮೇಲಿನಿಂದ ವಾಲ್ವಿನ ಸುತ್ತ ಇರುವ ಬಿರಿದ ರಬ್ಬರ್ ಸೀಲ್ ದಾಟಿಯೂ ಇಳಿಯಬಹುದು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮೇಲಿನ ಆಯಿಲ್ ತೊಟ್ಟಿಕ್ಕಿರುತ್ತದೆ. ಬೆಳಗ್ಗೆ ಸೆಲ್ಫ್ ಹೊಡೆದಾಗ ಬುಸ್ಸೆಂದು ಒಮ್ಮೆ ನೀಲಿ, ಆಮೇಲೆ ಸುದ್ದಿಯಿಲ್ಲ. ಇದು ಸೀಲಿನ ಲಕ್ಷಣ, ಬೋರ್ ಮುಟ್ಟಬೇಕಿಲ್ಲ. ಲೋಡ್ ಹೊತ್ತು ಏರು ಹತ್ತುವಾಗ ಉದ್ದಕ್ಕೂ ನೀಲಿ ಬಂದರೆ ರಿಂಗ್ ಕಡೆ ನೋಡಬೇಕು. (ಘಾಟಿ ಇಳಿದ ಮೇಲೆ ಆಕ್ಸಿಲರೇಟರ್ ಒತ್ತಿ ಹೊಗೆ ನೋಡುವುದು ಪೆಟ್ರೋಲ್ ಗಾಡಿಯ ಪರೀಕ್ಷೆ. ಗಾಳಿಯ ದಾರಿ ಮುಚ್ಚುವ ಥ್ರಾಟಲ್ ಹಳೆಯ ಡೀಸೆಲ್ಲಿಗೆ ಇಲ್ಲದ್ದರಿಂದ ಇಲ್ಲಿ ಅದು ಅಷ್ಟು ನಡೆಯದು.) ಇನ್ನೊಂದು ಪರೀಕ್ಷೆಗೆ ಪಾನಾ ಕೂಡ ಬೇಡ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳ ಬಿಚ್ಚಿ, ಅದೇ ಬಾಯಿಯ ಮೇಲೆ ಬೋರಲು ಇಡಿ. ಸ್ವಲ್ಪ ನಡುಗಿದರೆ ಸಹಜ. ಕುಣಿದು ಕೆಳಗೆ ಬಿದ್ದು, ಬಾಯಿಂದ ಭುಸಭುಸನೆ ಹೊಗೆ ಬಂದರೆ ಉರಿಯ ಗ್ಯಾಸು ರಿಂಗ್ ದಾಟಿ ಕೆಳಗಿಳಿಯುತ್ತಿದೆ. ಆಗ ಬೋರ್ ಕೆಲಸದ ಮಾತು ನ್ಯಾಯವೇ.

ಕಪ್ಪು ಹೊಗೆಗೆ ಮೊದಲು ಏರ್ ಫಿಲ್ಟರ್ ನೋಡಿ. ಮಣ್ಣು ರಸ್ತೆಯ ಗಾಡಿಯಲ್ಲಿ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಅದು ಚೊಕ್ಕವಿದ್ದರೆ ನಾಜಲ್. ಐಡಲಿನಲ್ಲಿ ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸಿದಾಗ ಎಂಜಿನ್ ಸದ್ದು ಕುಗ್ಗಬೇಕು. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗದೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಕಾಮನ್ ರೈಲಿನ ಹೊಸ ಗಾಡಿಯಲ್ಲಿ ಮಾತ್ರ ಇದನ್ನು ಮಾಡಲೇಬಾರದು. ಅಲ್ಲಿನ ಒತ್ತಡ 1,000 ಬಾರ್ ದಾಟುತ್ತದೆ, ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ.

ನೀಲಿ ಹೊಗೆಯನ್ನು ವರ್ಷಗಟ್ಟಲೆ ಸಹಿಸಿಕೊಂಡವರು ತಿಳಿದಿರಬೇಕಾದ ಅಪಾಯ ಒಂದಿದೆ. ಎಂಜಿನ್ ಆಯಿಲ್ ಕೂಡ ಡೀಸೆಲ್ಲಿನಂತೆ ಉರಿಯಬಲ್ಲದು. ರಿಂಗ್ ತೀರಾ ಸವೆದಾಗ ಆಯಿಲ್ ಮಂಜಾಗಿ ಬ್ರೀದರ್ ಪೈಪಿನಿಂದ ಗಾಳಿಯ ದಾರಿ ಸೇರುತ್ತದೆ. ಅಪರೂಪಕ್ಕೆ ಅದೇ ಇಂಧನವಾಗಿ, ಕೀ ತೆಗೆದರೂ ಎಂಜಿನ್ ನಿಲ್ಲದೆ ಚೀರುತ್ತಾ ವೇಗ ಏರಿಸಿಕೊಳ್ಳುತ್ತದೆ. ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು ಟಾಪ್ ಗೇರಿಗೆ ಹಾಕಿ, ಬ್ರೇಕ್ ಪೂರ್ತಿ ಒತ್ತಿ, ಕ್ಲಚ್ ಬಿಟ್ಟುಬಿಡಬೇಕು. ಅದಾಗದಿದ್ದರೆ ಗಾಳಿ ಎಳೆಯುವ ಬಾಯಿಗೆ ಹಲಗೆಯ ತುಂಡು ಅಡ್ಡ ಒತ್ತಬಹುದು, ಕೈ ಮಾತ್ರ ಒಡ್ಡಬಾರದು.