ಸ್ವಿಚ್ಚು ಮತ್ತೆ ಮತ್ತೆ ಸುಟ್ಟರೆ

ಕೋಲಾರ, ಮುಳಬಾಗಿಲು ದಾಟಿ ನಂಗಲಿ ಕಡೆಗೆ ಹೋಗುವ ಹೆದ್ದಾರಿಯಾಗಲಿ, ಮಾಲೂರು ಶ್ರೀನಿವಾಸಪುರಗಳ ಬಸ್ ನಿಲ್ದಾಣದ ಸುತ್ತಮುತ್ತಲಾಗಲಿ, ‘ಸೆಲ್ಫ್, ಡೈನಮೋ, ವೈರಿಂಗ್’ ಎಂದು ಬೋರ್ಡು ಬರೆಸಿಕೊಂಡ ಚಿಕ್ಕ ಅಂಗಡಿಗೆ ಕೊರತೆಯಿಲ್ಲ. ಎಂಜಿನ್ ಬಿಚ್ಚುವ ಗ್ಯಾರೇಜು ಬೇರೆ, ಇದು ಬೇರೆ. ಇಲ್ಲಿನ ಮೇಸ್ತ್ರಿ ಆಟೋ ಎಲೆಕ್ಟ್ರಿಷಿಯನ್. ಗಿರಾಕಿ ಕನ್ನಡದಲ್ಲಿ ಬಂದರೆ ಕನ್ನಡ, ತೆಲುಗಿನಲ್ಲಿ ಬಂದರೆ ತೆಲುಗು, ಉರ್ದುವಾದರೆ ಅದೂ ಸೈ. ಕೈಯಲ್ಲಿರುವ ಆಯುಧವೆಂದರೆ ಒಂದು ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪ್, ಜೊತೆಗೊಂದು ಮೀಟರು.

ಟೊಮೆಟೊ ಮತ್ತು ಮಾವಿನ ಈ ಸೀಮೆಯಲ್ಲಿ ಗಾಡಿಗಳಿಗೆ ಇರುಳಿನ ಓಡಾಟ ಜಾಸ್ತಿ. ಹಾಗಾಗಿ ಹೆಡ್‌ಲೈಟಿನ ದೂರೂ ಜಾಸ್ತಿ. ಅದರಲ್ಲೊಂದು ತೀರಾ ಹಳೆಯದು: “ಅಣ್ಣಾ, ಸ್ವಿಚ್ಚು ಮೊನ್ನೆ ತಾನೇ ಹೊಸದು ಹಾಕ್ಸಿದ್ದೆ, ಮತ್ತೆ ಹೋಗೈತೆ.” ಹಳೆಯ ಅಂಬಾಸಿಡರ್‌ನಲ್ಲಿ ಡಿಮ್-ಡಿಪ್ ಸ್ವಿಚ್ಚು ಕ್ಲಚ್ಚಿನ ಪಕ್ಕ, ಕಾಲಿನಿಂದ ಒತ್ತುವಂಥದ್ದು, ಕೆಸರು, ನೀರು, ಧೂಳು ಎಲ್ಲಕ್ಕೂ ಅದೇ ಗುರಿ. ಮಾರುತಿ 800 ಬಂದ ಮೇಲೆ ಆ ಕೆಲಸ ಸ್ಟಿಯರಿಂಗ್ ಕೆಳಗಿನ ಕಾಂಬಿನೇಷನ್ ಸ್ವಿಚ್ಚಿಗೆ ಏರಿತು. ಜಾಗ ಬದಲಾಯಿತು, ರೋಗ ಬದಲಾಗಲಿಲ್ಲ.

ಅವಸರದ ಮೇಸ್ತ್ರಿ ಇನ್ನೊಂದು ಸ್ವಿಚ್ಚು ಹಾಕಿ ಕಳಿಸುತ್ತಾನೆ. ಕಸುಬು ಬಲ್ಲವನು ಸುಟ್ಟ ಸ್ವಿಚ್ಚನ್ನು ಬಿಚ್ಚಿ ಒಳಗೆ ನೋಡುತ್ತಾನೆ. ತಾಮ್ರದ ಪಾಯಿಂಟು ಕಪ್ಪಾಗಿರುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಕರಗಿ ವಾಲಿರುತ್ತದೆ, ಕಪ್ಲರಿನ ಒಂದು ಪಿನ್ನಿನ ಬುಡ ಕಂದಿರುತ್ತದೆ. ಸ್ವಿಚ್ಚು ಕೆಟ್ಟಿತು ಎನ್ನುವುದಕ್ಕಿಂತ ಅದನ್ನು ಬೇಯಿಸಲಾಯಿತು ಎನ್ನುವುದೇ ಸರಿ.

ಲೆಕ್ಕ ಸರಳ. ಸಾಮಾನ್ಯ ಹೆಡ್‌ಲೈಟ್ ಬಲ್ಬು 60/55 ವ್ಯಾಟ್‌ನದು. ಹೈ ಬೀಮ್‌ನಲ್ಲಿ ತಲಾ 60ರಂತೆ ಎರಡೂ ಬಲ್ಬು ಸೇರಿ 120 ವ್ಯಾಟ್. 12 ವೋಲ್ಟಿಗೆ 10 ಆಂಪಿಯರ್. ಹಳೆಯ ಎಷ್ಟೋ ಕಾರುಗಳಲ್ಲಿ ಈ ಕರೆಂಟೆಲ್ಲ ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ ಬಂದು, ಸ್ವಿಚ್ಚಿನ ಪುಟ್ಟ ಪಾಯಿಂಟನ್ನು ದಾಟಿ, ಮತ್ತೆ ಮುಂದಕ್ಕೆ ಹೋಗಿ ಬಲ್ಬು ಸೇರಬೇಕು. ಪಾಯಿಂಟಿನಲ್ಲಿ ಮಸಿ ಕಟ್ಟಿ ಬರೀ 0.1 ಓಮ್ ತಡೆ ಹುಟ್ಟಿದರೂ ಅಲ್ಲಿ 10 ವ್ಯಾಟ್ ಶಾಖ ಏಳುತ್ತದೆ. ಶಾಖಕ್ಕೆ ಪಾಯಿಂಟಿನ ಸ್ಪ್ರಿಂಗು ಸಡಿಲವಾಗುತ್ತದೆ, ಸಡಿಲವಾದಷ್ಟೂ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದಷ್ಟೂ ಶಾಖ. ಬೆಳಕು ಸಾಲದೆಂದು ಮಾಲೀಕ 100/90 ವ್ಯಾಟಿನ ಬಲ್ಬು ಹಾಕಿಸಿದ್ದರೆ ಕರೆಂಟು 16 ಆಂಪಿಯರ್ ದಾಟುತ್ತದೆ. ಶಾಖ ಕರೆಂಟಿನ ವರ್ಗದಂತೆ ಏರುವುದರಿಂದ ಅದು ಸರಿಸುಮಾರು ಮೂರು ಪಟ್ಟಾಗುತ್ತದೆ. ಎದುರಿಗೆ ಬರುವವನ ಕಣ್ಣು ಕುಕ್ಕುವುದು ಬೇರೆ ಪಾಪ.

ಈ ಲೆಕ್ಕ ಕೋಲಾರಕ್ಕೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಇದೇ ಜಿಲ್ಲೆಯ ಚಿನ್ನದ ಗಣಿಗಳಿಗೆ, ಸುಮಾರು 147 ಕಿಲೋಮೀಟರ್ ದೂರಕ್ಕೆ, ವಿದ್ಯುತ್ ತಂದಾಗ ಎಂಜಿನಿಯರುಗಳ ಮುಂದಿದ್ದದ್ದೂ ಇದೇ ಪ್ರಶ್ನೆ. ವೋಲ್ಟೇಜನ್ನು 30,000ಕ್ಕೆ ಏರಿಸಿ ತಂತಿಯಲ್ಲಿ ಹರಿಯುವ ಕರೆಂಟನ್ನು ಇಳಿಸಿದರು. ಕಾರಿನಲ್ಲಿ ಆ ದಾರಿಯಿಲ್ಲ. ವೋಲ್ಟು ಹನ್ನೆರಡೇ, ಕರೆಂಟು ಅಷ್ಟೇ ಬೇಕು. ಅದು ಹರಿಯುವ ಹಾದಿಯನ್ನು ಬದಲಿಸಬಹುದು, ಅಷ್ಟೆ.

ಹಾಗೆ ಬದಲಿಸುವುದೇ ರಿಲೇ. ಬೆಂಕಿಪೊಟ್ಟಣದಷ್ಟೇ ಚಿಕ್ಕ ಡಬ್ಬಿ. ಒಳಗಿನ ಸುರುಳಿಗೆ ತುಸು ಕರೆಂಟು ಕೊಟ್ಟರೆ ಅದು ದೊಡ್ಡ ಕರೆಂಟಿನ ಹಾದಿಯನ್ನು ಕೂಡಿಸುತ್ತದೆ. ಬುಡದಲ್ಲಿ 30, 87, 85, 86 ಎಂದು ಕೊರೆದ ಕಾಲುಗಳು. ಈ ಸಂಖ್ಯೆಗಳು ಜರ್ಮನಿಯ ಒಂದು ಮಾನಕದಿಂದ ಬಂದವು. ಅದರ ಹೆಸರು ಕೇಳಿರದ ಮೇಸ್ತ್ರಿಗೂ ಸಂಖ್ಯೆಗಳು ಬಾಯಿಪಾಠ. 30ಕ್ಕೆ ಬ್ಯಾಟರಿಯಿಂದ ದಪ್ಪ ವೈರು, 87ರಿಂದ ಬಲ್ಬಿಗೆ. ಹಳೆಯ ಸ್ವಿಚ್ಚಿನ ವೈರು 86ಕ್ಕೆ, 85 ಅರ್ತಿಗೆ, ಅಂದರೆ ಗಾಡಿಯ ಮೈಗೆ. ಇನ್ನು ಸ್ವಿಚ್ಚು ಹೊರಬೇಕಾದದ್ದು ರಿಲೇಯ ಸುರುಳಿಯ 0.2 ಆಂಪಿಯರಿನಷ್ಟನ್ನು ಮಾತ್ರ. ಡಿಮ್ಮಿಗೊಂದು, ಬ್ರೈಟಿಗೊಂದು, ಒಟ್ಟು ಎರಡು ರಿಲೇ. ಫ್ಯೂಸು ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು. ಹಣ ಉಳಿಸಲೆಂದು ಫ್ಯೂಸು ಬಿಡುವ ಅಂಗಡಿಯಿಂದ ದೂರವಿರುವುದು ಲೇಸು, ವೈರು ಎಲ್ಲಾದರೂ ಉಜ್ಜಿ ಶಾರ್ಟಾದರೆ ಉರಿಯುವುದು ಗಾಡಿಯೇ.

ರಿಲೇಯಿಂದ ಇನ್ನೊಂದು ಲಾಭ. ಬಲ್ಬಿನ ಬೆಳಕು ವೋಲ್ಟೇಜಿಗೆ ಬಹಳ ಸೂಕ್ಷ್ಮ. 12ರಲ್ಲಿ 1 ವೋಲ್ಟು ದಾರಿಯಲ್ಲೇ ಕಳೆದುಹೋದರೆ ಬೆಳಕಿನ ಕಾಲು ಭಾಗ ಹೋದಂತೆ. ರಿಲೇ ಹಾಕಿದ ಮೇಲೆ ಹಳೆಯ ಬಲ್ಬೇ ಹೊಸದರಂತೆ ಉರಿಯುತ್ತದೆ, 100 ವ್ಯಾಟಿನ ಆಸೆ ತಾನಾಗಿ ಬಿಟ್ಟುಹೋಗುತ್ತದೆ.

ಮಾರುತಿ 800, ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಈಗಿನ ಎಷ್ಟೋ ಕಾರುಗಳಲ್ಲಿ ಸ್ವಿಚ್ಚು ಕಂಪ್ಯೂಟರಿಗೆ ಸಂಜ್ಞೆ ಕೊಡುತ್ತದೆಯೇ ಹೊರತು ಕರೆಂಟು ಹೊರುವುದಿಲ್ಲ. ಅಲ್ಲಿ ಸ್ಕ್ಯಾನರ್ ಬೇಕು, ಟೆಸ್ಟ್ ಲ್ಯಾಂಪ್ ಸಾಲದು. ಆದರೆ ತಾಲ್ಲೂಕಿನ ಹಳೆಯ ಗಾಡಿಗಳಿಗೆ ಈ ಅಂಗಡಿಯೇ ಗತಿ. ಅಲ್ಲಿಗೆ ಹೋದಾಗ ಒಂದು ಪರೀಕ್ಷೆ ಕೇಳಿ ಮಾಡಿಸಿ: ಎಂಜಿನ್ ಓಡುತ್ತಿರಲಿ, ಲೈಟು ಉರಿಯುತ್ತಿರಲಿ, ಮೀಟರಿನಲ್ಲಿ ಮೊದಲು ಬ್ಯಾಟರಿಯ ವೋಲ್ಟು, ಆಮೇಲೆ ಬಲ್ಬಿನ ಹೋಲ್ಡರಿನ ವೋಲ್ಟು ನೋಡಲಿ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಬಹಳ ಹೆಚ್ಚಿದ್ದರೆ ಸ್ವಿಚ್ಚು ಕೊಳ್ಳುವ ಮೊದಲು, ಕರೆಂಟು ಬ್ಯಾಟರಿಗೆ ಮರಳುವ ಹಾದಿಯಾದ ಅರ್ತಿನ ಬೋಲ್ಟು ಬಿಚ್ಚಿ ತುಕ್ಕು ಉಜ್ಜಿಸಿ.